ವಾಕ್-ಶ್ರವಣ ಸೇವೆಯಲ್ಲಿ ಸಮಾನತೆ: ಉಡುಪಿ ಸೀಮೆ

ಮಾತು ಮತ್ತು ಕೇಳುವಿಕೆಯ ತೊಂದರೆಗಳನ್ನು ಗುರುತಿಸಿ ಚಿಕಿತ್ಸೆ ನೀಡುವಲ್ಲಿ ಜನಾಂಗ, ಜಾತಿ, ಬುಡಕಟ್ಟು, ಮನೆಮಾತುಗಳ ಕಾರಣದಿಂದ ಯಾರಿಗೂ ಅನ್ಯಾಯವಾಗಬಾರದೆಂಬ ವೃತ್ತಿತತ್ತ್ವ. ಅಮೆರಿಕದಲ್ಲಿ ಇದು ಮುಖ್ಯವಾಗಿ ವರ್ಣದ ಪ್ರಶ್ನೆ; ಕರಾವಳಿ ಕರ್ನಾಟಕದಲ್ಲಿ ಮನೆಮಾತು, ಜಾತಿ ಮತ್ತು ಬುಡಕಟ್ಟಿನ ಪ್ರಶ್ನೆ.

ಹಿನ್ನೆಲೆ
ಮಿಶಿಗನ್‌ನ ಆನ್ ಆರ್ಬರ್ ಶಾಲೆಯೊಂದರ ಕಪ್ಪು ಮಕ್ಕಳ ಪರವಾಗಿ ಹೂಡಿದ ಮೊಕದ್ದಮೆಯಲ್ಲಿ, ಅವರ ಮನೆಯ ಇಂಗ್ಲಿಷನ್ನು ಶಾಲೆ ಗಮನಕ್ಕೆ ತೆಗೆದುಕೊಳ್ಳಲೇಬೇಕೆಂದು ನ್ಯಾಯಾಲಯ 1979ರಲ್ಲಿ ತೀರ್ಪಿತ್ತಿತು. ಉಪಭಾಷೆ ರೋಗವಲ್ಲ ಎಂಬ ನಿಲುವನ್ನು ಅಮೆರಿಕದ ವಾಕ್-ಶ್ರವಣ ವೃತ್ತಿಪರರ ಸಂಘ 1983ರಲ್ಲಿ ಪ್ರಕಟಿಸಿತು. ಕರ್ನಾಟಕದಲ್ಲಿ ಈ ವೃತ್ತಿಶಿಕ್ಷಣ ಬೇರೂರಿದ್ದು 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ. ಮುಂದೆ ಮಂಗಳೂರು, ಮಣಿಪಾಲಗಳಲ್ಲೂ ಕೋರ್ಸುಗಳು ಬಂದವು. ವೃತ್ತಿಪರರ ನೋಂದಣಿಗೆ ಆಧಾರ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ.

ಭಾಷಾ ಪರಿಸರ
ಮಣಿಪಾಲದ ಮಗ್ಗುಲಿನ ಅಲೆವೂರು, ಕಾಪು, ಕಾರ್ಕಳಗಳಲ್ಲಿ ಬಹುಜನರ ಮಾತು ತುಳು. ಕೊಂಕಣಿ, ಬ್ಯಾರಿ, ಉರ್ದು ಮನೆಗಳೂ ಇವೆ. ಜಿಲ್ಲೆಯ ಬಡಗು ಭಾಗದಲ್ಲಿ ಕುಂದಾಪ್ರ ಕನ್ನಡ. 2011ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದವರು 18 ಲಕ್ಷಕ್ಕೂ ಹೆಚ್ಚು. ಆದರೆ ಮಗು ಶಾಲೆಯಲ್ಲಿ ಕಲಿಯುವುದು ಕನ್ನಡ ಇಲ್ಲವೇ ಇಂಗ್ಲಿಷಿನಲ್ಲಿ. ವೃತ್ತಿಯ ಪಾಠವೂ ಇಂಗ್ಲಿಷಿನಲ್ಲೇ.

ಭೇದವೋ ದೋಷವೋ
ಪರೀಕ್ಷಕರ ಕಿವಿ ಎರಡು ಬಗೆಯಲ್ಲಿ ತಪ್ಪಬಹುದು. ಮೊದಲನೆಯದು, ಇಲ್ಲದ ದೋಷವನ್ನು ಕಾಣುವುದು. ‘ಭಾಷೆ’ಯನ್ನು ‘ಬಾಸೆ’, ‘ಶಾಲೆ’ಯನ್ನು ‘ಸಾಲೆ’ ಎನ್ನುವ ಮಗು ತನ್ನ ಮನೆಯವರಂತೆಯೇ ಮಾತಾಡುತ್ತಿದೆ. ಶಿಷ್ಟ ಕನ್ನಡದ ಅಳತೆಗೋಲಿನಲ್ಲಿ ಅದು ಉಚ್ಚಾರದೋಷವೆನಿಸೀತು. ತುಳುವಿನೊಳಗೂ ಜಾತಿ, ಪ್ರದೇಶಗಳಿಗೆ ತಕ್ಕ ಭೇದಗಳಿವೆ: ಎಲೆಗೆ ತಪ್ಪು, ಸಪ್ಪು, ಚಪ್ಪು ಎಂಬ ರೂಪಗಳಿವೆ, ಇವುಗಳಲ್ಲಿ ಯಾವುದೂ ತೊದಲಲ್ಲ.

ಎರಡನೆಯದು, ಇರುವ ದೋಷ ಕಾಣದೆ ಹೋಗುವುದು. ತುಳುವಿನ ‘ಯಾನ್ ಪೋಪೆ’ (ನಾನು ಹೋಗುತ್ತೇನೆ), ‘ಆಯೆ ಪೋಪೆ’ (ಅವನು ಹೋಗುತ್ತಾನೆ) ಎಂಬಲ್ಲಿ ಕೊನೆಯ ಸ್ವರಗಳು ಬೇರೆ. ಮೊದಲನೆಯದರಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ. ಕನ್ನಡ ಲಿಪಿ ಎರಡನ್ನೂ ಒಂದೇ ಬಗೆಯಲ್ಲಿ ಬರೆಯುತ್ತದೆ. ಮಗುವಿಗೆ ಈ ವ್ಯತ್ಯಾಸ ಕೇಳಿಸದಿದ್ದರೆ ಕನ್ನಡದ ಪದಪಟ್ಟಿ ಅದನ್ನು ಪತ್ತೆಹಚ್ಚದು.

ಕೊರಗ ಸಮುದಾಯ
ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಕೊರಗರು ವಿಶೇಷ ದುರ್ಬಲ ಬುಡಕಟ್ಟೆಂದು ಗುರುತಿಸಲಾದವರು. ಅವರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2000ದ ಕಾಯ್ದೆಯಿಂದ. ಅವರಿಗೆ ಪ್ರತ್ಯೇಕ ನುಡಿಯೇ ಇದೆ, ಡಿ. ಎನ್. ಶಂಕರ ಭಟ್ಟರು ಅದರ ಅಧ್ಯಯನವನ್ನು 1971ರಲ್ಲಿ ಪ್ರಕಟಿಸಿದರು. ಅಪರಿಚಿತರ ಮುಂದೆ ಕೊರಗ ಮಗು ಬಾಯಿ ಬಿಡದಿದ್ದರೆ ಅದು ಭಾಷಾ ವಿಳಂಬವೋ, ಹಿಂಜರಿಕೆಯೋ ಎಂದು ವಿವೇಚಿಸಬೇಕಾಗುತ್ತದೆ.

ಸೇವೆ ಮತ್ತು ಕ್ರಮ
2011ರ ಜನಗಣತಿಯಂತೆ ದೇಶದಲ್ಲಿ ಶ್ರವಣದೋಷವುಳ್ಳವರು ಸುಮಾರು 50.7 ಲಕ್ಷ, ವಾಕ್‌ದೋಷವುಳ್ಳವರು ಸುಮಾರು 20 ಲಕ್ಷ. ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲಿ ಆರಂಭವಾಯಿತು. ಆದರೆ ಶ್ರವಣ ಪರೀಕ್ಷೆಯ ಯಂತ್ರ ಕಿವಿಯನ್ನು ಅಳೆದೀತೇ ಹೊರತು ಮಾತನ್ನಲ್ಲ. ಮಾತಿನ ಪರೀಕ್ಷೆಯಲ್ಲಿ ತಾಯಿ ಅಥವಾ ಒಡಹುಟ್ಟಿದವರ ಉಚ್ಚಾರದೊಡನೆ ಹೋಲಿಸುವುದು, ಮನೆಮಾತು ಬಲ್ಲವರ ನೆರವು ಪಡೆಯುವುದು, ಚಿಕಿತ್ಸೆಗಾಗಿ ತುಳು ಬಿಡಿಸದಿರುವುದು ನ್ಯಾಯವಾದ ಕ್ರಮಗಳು. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರಿಗೂ ಇದು ಅನ್ವಯಿಸುತ್ತದೆ: ಅಲೆವೂರಿನ ಅಜ್ಜಿಯ ಚಿಕಿತ್ಸೆ ‘ದಾನೆ’ (ಏನು), ‘ಬಲೆ’ (ಬನ್ನಿ) ಎಂಬ ದಿನಬಳಕೆಯ ಮಾತುಗಳಿಂದಲೇ ಮೊದಲಾಗಬೇಕು.