ಓಡಿ ಬಂದ ಉಪದ್ರ

ಮಳೆಗಾಲದ ನೀರು ಮನೆಯೊಳಗೆ ಬರುವುದಕ್ಕೂ ಒಂದು ಕ್ರಮ ಇದೆ. ಕೊಟ್ಟಾರದಲ್ಲಿ ತಗ್ಗಿನ ಕಡೆ ಮನೆ ಇರುವ ನಮಗೆ ಅದು ಬಾಯಿಪಾಠ. ಮೊದಲು ಚರಂಡಿಯ ಚಪ್ಪಡಿ ಸಂದಿಯಿಂದ ಜಿರಳೆಗಳು ಸಾಲು ಹಿಡಿದು ಹೊರಟು ಕಂಪೌಂಡು ಗೋಡೆ ಹತ್ತುತ್ತವೆ. ಆಮೇಲೆ ಬಚ್ಚಲಿನ ಜಾಲರಿಯ ಕೆಳಗೆ ಬುಳುಬುಳು ಸದ್ದು. ಅದಾಗಿ ಸ್ವಲ್ಪ ಹೊತ್ತಿಗೆ ಗೇಟಿನ ಅಡಿಯಿಂದ ಕಂದು ಬಣ್ಣದ ಒಂದು ಎಳೆ ಒಳಗೆ ನುಗ್ಗಿ, ಅಂಗಳದ ಇಂಟರ್‌ಲಾಕಿನ ಸಂದು ಹಿಡಿದುಕೊಂಡು ಮೆಟ್ಟಿಲ ಕಡೆ ಓಡುತ್ತದೆ. ಮೆಟ್ಟಿಲ ಬುಡದಲ್ಲಿ ಬಿಟ್ಟ ಚಪ್ಪಲಿ ಒಮ್ಮೆ ಅಲುಗಿ ತೇಲಿತೆಂದರೆ ಮತ್ತೆ ಕಾಯುವ ಹಾಗಿಲ್ಲ, ಅಕ್ಕಿಯ ಡಬ್ಬ ಮೇಲಿಡಬೇಕು.

2018ರ ಮೇ 29ರಂದು ಮಂಗಳೂರು ಮುಳುಗಿದಾಗಲೂ ಹೀಗೆಯೇ ಆಯಿತು. ಕೊಟ್ಟಾರ ಚೌಕಿಯಲ್ಲಿ ರಸ್ತೆ ಯಾವುದು, ತೋಡು ಯಾವುದು ಎಂದು ಗೊತ್ತಾಗದಷ್ಟು ನೀರು. ಪಕ್ಕದ ಮನೆಯ ಅಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗೇಟಿನ ಹತ್ತಿರ ನಿಂತು ಕೂಗಿ ಹೇಳಿದ್ದು ಮೂರೇ ಶಬ್ದ: "ನೋಡಿ, ಬಂತು ಉಪದ್ರ!"

ಆ ಮಾತಿನಲ್ಲಿ ಎಷ್ಟು ಹಳೆಯ ಒಂದು ಚಿತ್ರ ಉಳಿದುಕೊಂಡಿದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಸಂಸ್ಕೃತದ 'ದ್ರು' ಎಂಬ ಧಾತುವಿಗೆ ಓಡು, ಹರಿ ಎಂಬ ಅರ್ಥ. ಹರಿಯುವುದು ದ್ರವ. 'ಉಪ' ಎಂದರೆ ಹತ್ತಿರ, ಮೇಲೆ. ಹತ್ತಿರಕ್ಕೆ ಓಡಿ ಬಂದು ಮೇಲೆ ಬೀಳುವುದು ಉಪದ್ರವ. ಉಪಮೇಯರ್, ಉಪಸಂಪಾದಕ ಕೇಳಿ ಕೇಳಿ 'ಉಪ' ಅಂದರೆ ಕೆಳಗಿನದು, ಸಣ್ಣದು ಎಂದೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹಾಗಾಗಿ ಉಪದ್ರವಕ್ಕೂ ದ್ರವಕ್ಕೂ ಏನೂ ಸಂಬಂಧ ಇಲ್ಲ ಎಂದುಕೊಳ್ಳುವವರೇ ಹೆಚ್ಚು. ಸಂಬಂಧ ಇದೆ. ನಮ್ಮ ಅಂಗಳದಲ್ಲಿ ಪ್ರತಿ ಜೂನಿನಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಕರಾವಳಿಯವರಿಗೆ ಈ ಶಬ್ದ ಇಲ್ಲದೆ ದಿನ ಸಾಗುವುದಿಲ್ಲ. ಸಂಜೆಯಾದರೆ ನುಸಿ ಉಪದ್ರ. ಸಕ್ಕರೆ ಡಬ್ಬಕ್ಕೆ ಇರುವೆ ಉಪದ್ರ. ನಮ್ಮ ಗೇಟಿಗೆ ಅಡ್ಡ ಬೈಕ್ ನಿಲ್ಲಿಸಿ "ಎರಡೇ ನಿಮಿಷ" ಎಂದು ಹೋದವರು ಅರ್ಧ ಗಂಟೆ ಬಾರದಿದ್ದರೆ ಅದೂ ಉಪದ್ರ. ಸಿಗ್ನಲ್ಲು ಹಸಿರಾಗುವ ಮೊದಲೇ ಹಿಂದಿನಿಂದ ಹಾರ್ನ್ ಒತ್ತುವುದು, ಬಸ್ಸಿನಲ್ಲಿ ಒಳಗೆ ಜಾಗ ಇದ್ದರೂ ಬಾಗಿಲಲ್ಲೇ ನಿಲ್ಲುವುದು, ಎಲ್ಲರಿಗೂ ಕೇಳುವ ಹಾಗೆ ಮೊಬೈಲಿನಲ್ಲಿ ವಿಡಿಯೋ ನೋಡುವುದು, ಇವೂ ಅದೇ ಲೆಕ್ಕ. ರಗಳೆ ಎಂಬ ಇನ್ನೊಂದು ಮಾತೂ ನಮ್ಮಲ್ಲಿ ಧಾರಾಳವಾಗಿ ಓಡಾಡುತ್ತದೆ. ಆದರೆ ರಗಳೆ ತೆಗೆಯುವುದಕ್ಕೆ ಮನುಷ್ಯರೇ ಬೇಕು, ಬಾಯಿ ಬೇಕು. ಉಪದ್ರಕ್ಕೆ ನುಸಿ ಸಾಕು, ನೀರು ಸಾಕು. ಕಿರಿಕಿರಿ ಆಗುವುದು ನಮ್ಮೊಳಗೆ. ಉಪದ್ರ ಹೊರಗಿನಿಂದ ಬರುವಂಥದ್ದು, ಕರೆಯದೆ ಬರುವಂಥದ್ದು.

ಶಾಲೆಯಲ್ಲಿದ್ದಾಗ ಪ್ರಬಂಧವೊಂದರಲ್ಲಿ "ಮಂಗಗಳ ಉಪದ್ರ" ಎಂದು ಬರೆದಿದ್ದೆ. ಮಾಷ್ಟ್ರು ಕೆಂಪು ಶಾಯಿಯಲ್ಲಿ 'ದ್ರ'ದ ಮುಂದೆ ಒಂದು 'ವ' ಸೇರಿಸಿ, ಅಡಿಗೆರೆ ಎಳೆದು, ಒಂದು ಅಂಕ ಕಳೆದರು. ಅಂಕ ಹೋದದ್ದಕ್ಕಿಂತ ಹೆಚ್ಚು ನೋವಾದದ್ದು, ಮನೆಯಲ್ಲಿ ಅಜ್ಜಿ ಆಡುವ ಮಾತು ತಪ್ಪು ಎಂದು ಆ ಗೆರೆ ಹೇಳಿದ ಹಾಗಾದದ್ದು. ಘಟ್ಟದ ಮೇಲಿನ ನೆಂಟರೂ ಹಾಗೆಯೇ ತಿದ್ದುತ್ತಾರೆ: "ಉಪದ್ರ ಅಲ್ಲ, ಉಪದ್ರವ." ಕೆಲವರು ಅದನ್ನು ಅಚ್ಚ ತುಳು ಶಬ್ದ ಎಂದು ತಿಳಿದು ಅರ್ಥ ಕೇಳುತ್ತಾರೆ. ತುಳುವಿನಲ್ಲೂ ಕೊಂಕಣಿಯಲ್ಲೂ ಅದು ಬಳಕೆಯಲ್ಲಿರುವುದು ನಿಜ, ಆದರೆ ಮೂಲ ಒಂದೇ.

ಕೇಶಿರಾಜ 13ನೆಯ ಶತಮಾನದಲ್ಲಿ ಬರೆದ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶಕ್ಕೆಂದೇ ಒಂದು ಪ್ರಕರಣ ಇದೆ. ಸಂಸ್ಕೃತದ ಶಬ್ದ ಕನ್ನಡದ ಬಾಯಿಗೆ ಬಂದಾಗ ಯಾವ ಅಕ್ಷರ ಏನಾಗುತ್ತದೆ ಎಂದು ಅಲ್ಲಿ ಒಂದೊಂದಾಗಿ ಸೂತ್ರ ಕಟ್ಟಿದ್ದಾನೆ. ಅವನಿಗೆ ಅದು ನಿಯಮ, ತಪ್ಪಲ್ಲ. ಫರ್ಡಿನಂಡ್ ಕಿಟೆಲ್ ಸಂಪಾದಿಸಿದ ಆ ಗ್ರಂಥ 1872ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. 1894ರಲ್ಲಿ ಕಿಟೆಲರ ನಿಘಂಟು ಹೊರಬಂದದ್ದೂ ಅಲ್ಲಿಂದಲೇ. "ಎಂಥ ಉಪದ್ರ ಮಾರಾಯ್ರೆ" ಎನ್ನುವಾಗ 'ಮಹಾರಾಯ'ನೂ ಸವೆದು 'ಮಾರಾಯ' ಆಗಿದ್ದಾನೆ, ಅವನನ್ನು ಯಾರೂ ತಿದ್ದುವುದಿಲ್ಲ. ನಮ್ಮ ಕೊಟ್ಟಾರವನ್ನೇ ನೋಡಿ. ಹಳೆಯ ಕನ್ನಡದಲ್ಲಿ ಕೊಟ್ಟಾರ ಎಂದರೆ ಕಣಜ, ಉಗ್ರಾಣ. ಸಂಸ್ಕೃತದ ಕೋಷ್ಠಾಗಾರ ಸವೆದು ಆದದ್ದು. ಇದೇ ಶಬ್ದ ಮಲಯಾಳಕ್ಕೆ ಹೋಗಿ ಕೊಟ್ಟಾರಂ ಎಂದು ಅರಮನೆಯೇ ಆಯಿತು. ಬಸ್ಸಿನಲ್ಲಿ ಯಾರೂ ಕೋಷ್ಠಾಗಾರಕ್ಕೆ ಟಿಕೆಟ್ ಕೇಳುವುದಿಲ್ಲ. ಹಾಗಿರುವಾಗ ಉಪದ್ರಕ್ಕೆ ಮಾತ್ರ ಕೆಂಪು ಶಾಯಿ ಯಾಕೆ?

ಆ ಬಿಟ್ಟುಹೋದ 'ವ'ದ ವಿಚಾರದಲ್ಲಿ ನನಗೆ ಬಹಳ ಪ್ರಿಯವಾದ ಒಂದು ಸಂಗತಿ ಛಾಂದೋಗ್ಯ ಉಪನಿಷತ್ತಿನಲ್ಲಿದೆ. ಅಲ್ಲಿ ಉಪದ್ರವ ಎಂದರೆ ತೊಂದರೆ ಅಲ್ಲ, ಹಾಡು. ಸಾಮಗಾನಕ್ಕೆ ಏಳು ಭಾಗ: ಹಿಂಕಾರ, ಪ್ರಸ್ತಾವ, ಆದಿ, ಉದ್ಗೀಥ, ಪ್ರತಿಹಾರ, ಉಪದ್ರವ, ನಿಧನ. ಕೊನೆಯ ನಿಧನಕ್ಕೆ ಮೊದಲು, ಮುಕ್ತಾಯದ ಕಡೆ ಓಡುವ ಭಾಗ ಉಪದ್ರವ. ಎರಡನೆಯ ಅಧ್ಯಾಯದಲ್ಲಿ ಈ ಹೆಸರುಗಳ ಅಕ್ಷರಗಳನ್ನು ಎಣಿಸುತ್ತಾರೆ. ಉದ್ಗೀಥಕ್ಕೆ ಮೂರು, ಉಪದ್ರವಕ್ಕೆ ನಾಲ್ಕು. ಮೂರಕ್ಕೆ ಮೂರು ಸಮವಾಯಿತು, ಒಂದು ಅಕ್ಷರ ಮಿಕ್ಕಿತು ಎನ್ನುತ್ತದೆ ಉಪನಿಷತ್ತು. ಏಳೂ ಸೇರಿ 22 ಅಕ್ಷರ. 21ರಿಂದ ಸೂರ್ಯನನ್ನು ಮುಟ್ಟಬಹುದು, 22ನೆಯದರಿಂದ ಸೂರ್ಯನ ಆಚೆಗಿನದನ್ನು ಗೆಲ್ಲಬಹುದು. ಅಂದು ಋಷಿಗಳು ಮಿಕ್ಕಿತು ಎಂದು ಎಣಿಸಿದ ಆ ಒಂದು ಅಕ್ಷರವೇ ನಮ್ಮ ಅಜ್ಜಿಯಂದಿರ ಬಾಯಲ್ಲಿ ಬಿಟ್ಟುಹೋಯಿತು. ಒಂದರಿಂದ ಇನ್ನೊಂದು ಆಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಉ-ಪ-ದ್ರ ಎಂದು ಬೆರಳು ಮಡಿಸಿ ಎಣಿಸುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತು. ಸೂರ್ಯನ ದಿನಚರಿಯನ್ನೂ ಸಾಮದ ಭಾಗಗಳಿಗೆ ಹೊಂದಿಸುವಾಗ ಅಪರಾಹ್ಣ ಕಳೆದು ಮುಳುಗುವುದಕ್ಕೆ ಮೊದಲಿನ ಹೊತ್ತು ಉಪದ್ರವ. ಕಾಡಿನ ಪ್ರಾಣಿಗಳು ಆ ಹೊತ್ತಿಗೆ ಸೇರಿದವು. ಅದಕ್ಕೇ ಅವು ಮನುಷ್ಯನನ್ನು ಕಂಡರೆ ಪೊದೆಗೋ ಬಿಲಕ್ಕೋ ಓಡಿಹೋಗುತ್ತವೆ ಎನ್ನುತ್ತದೆ. ಓಡಿಹೋಗುವುದಕ್ಕೆ ಅಲ್ಲಿ ಬಳಸಿದ ಕ್ರಿಯಾಪದ ಕೂಡ ಅದೇ ಧಾತುವಿನದು. ಈಗ ಸುಳ್ಯದಲ್ಲೋ ಬೆಳ್ತಂಗಡಿಯಲ್ಲೋ ಅಡಿಕೆ ತೋಟ ಇರುವವರನ್ನು ಕೇಳಿ: ಮಂಗನ ಉಪದ್ರ, ಹಂದಿ ಉಪದ್ರ, ಆನೆ ಉಪದ್ರ. ಅಂದು ನಮ್ಮನ್ನು ಕಂಡು ಓಡಿದ ಪ್ರಾಣಿಗಳ ಓಟಕ್ಕೆ ಇದ್ದ ಹೆಸರು, ಇಂದು ಅವು ನಮ್ಮ ತೋಟದ ಕಡೆ ಓಡಿ ಬರುವುದಕ್ಕೆ ಆಗಿದೆ. ಶಬ್ದ ಅಲ್ಲಿಯೇ ಇದೆ, ಓಟದ ದಿಕ್ಕು ತಿರುಗಿದೆ. ಅವುಗಳ ಪೊದೆಯನ್ನೂ ಬಿಲವನ್ನೂ ಕಳೆದವರು ಯಾರೆಂದು ಕೇಳಿಕೊಳ್ಳದೆ ಈ ಮಾತನ್ನು ಬಳಸುವುದು ನನಗೆ ಕಷ್ಟ.

ವೈದ್ಯರ ಕೈಗೆ ಸಿಕ್ಕಾಗ ಈ ಶಬ್ದ ಇನ್ನೂ ಸೂಕ್ಷ್ಮವಾಯಿತು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉಪದ್ರವಕ್ಕೆ ಲಕ್ಷಣ ಕೊಟ್ಟಿದೆ: ಒಂದು ರೋಗ ಬಂದ ಮೇಲೆ, ಅದನ್ನೇ ಆಶ್ರಯಿಸಿ ಹುಟ್ಟುವ ಇನ್ನೊಂದು ರೋಗ, ದೊಡ್ಡದಾಗಲಿ ಸಣ್ಣದಾಗಲಿ. ಮುಖ್ಯ ರೋಗದಿಂದ ಮೊದಲೇ ಕುಗ್ಗಿದವನನ್ನು ಹಿಂದಿನಿಂದ ಬಂದದ್ದು ಹೆಚ್ಚು ಪೀಡಿಸುತ್ತದೆ. ಇದು ಓದಿದಾಗ ನನಗೆ ನಮ್ಮ ದಿನನಿತ್ಯದ ಸಿಡಿಮಿಡಿಯ ಗುಟ್ಟೇ ಸಿಕ್ಕ ಹಾಗಾಯಿತು. ಹಾರ್ನಿನ ಸದ್ದು ಒಂದೇ ಆದರೆ ಯಾರೂ ಸಾಯುವುದಿಲ್ಲ. ಕುಂಟಿಕಾನದಿಂದ ಚೌಕಿಯವರೆಗೆ ಅರ್ಧ ಗಂಟೆ ಸಿಕ್ಕಿಬಿದ್ದು, ಮನೆಯಲ್ಲಿ ಜ್ವರದ ಮಗು ಕಾಯುತ್ತಿರುವಾಗ ಹಿಂದಿನವನು ಒತ್ತುವ ಹಾರ್ನ್ ಇದೆಯಲ್ಲ, ಅದು ಚರಕ ಹೇಳಿದ ಉಪದ್ರವ.

ಗಡಿ ದಾಟಿದರೆ ಈ ಶಬ್ದದ ತೂಕ ಬದಲಾಗುತ್ತದೆ. ಕಾಸರಗೋಡಿನ ಕನ್ನಡಿಗರು ಮಲಯಾಳ ಪತ್ರಿಕೆ ತೆರೆದರೆ 'ದೇಹೋಪದ್ರವಂ' ಎಂದರೆ ಹೊಡೆತ, ಬಡಿತ, ಪೊಲೀಸ್ ಕೇಸು. ಹಿಂದಿಯಲ್ಲಿ ಉಪದ್ರವ್ ಎಂದರೆ ದಂಗೆ, ಗಲಭೆ. ಕಾನೂನಿನ ಕನ್ನಡದಲ್ಲಿ ಸಾರ್ವಜನಿಕ ಉಪದ್ರವ ಎಂಬ ಮಾತುಂಟು. 1860ರ ದಂಡ ಸಂಹಿತೆಯ 268ನೆಯ ಕಲಮಿನಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 270 ಆಗಿದೆ. ಅದರಲ್ಲಿ ಒಂದು ಒಳ್ಳೆಯ ವಾಕ್ಯ ಇದೆ: ಏನೋ ಒಂದು ಅನುಕೂಲ ಆಗುತ್ತದೆ ಎಂಬ ಕಾರಣಕ್ಕೆ ಅಂಥ ಉಪದ್ರವಕ್ಕೆ ಮಾಫಿ ಇಲ್ಲ ಎಂಬ ಅರ್ಥದ್ದು. "ಎರಡೇ ನಿಮಿಷ"ದವರಿಗೆ ಇದನ್ನು ಓದಿ ಹೇಳಬೇಕು ಅನಿಸುತ್ತದೆ.

ಬರಹದ ಕನ್ನಡದಲ್ಲಿ ಈ ಶಬ್ದಕ್ಕಿಂತ ಅದರ ವಿರುದ್ಧಪದವೇ ಹೆಚ್ಚು ಕಾಣಿಸುತ್ತದೆ: ನಿರುಪದ್ರವಿ. ಆ ಮಾತು ಬಂದಾಗ ನನಗೆ ನೆನಪಾಗುವುದು ಕೇರೆಹಾವು. ವಿಷ ಇಲ್ಲದ ಹಾವು, ಇಲಿ ತಿಂದು ಬದುಕುವಂಥದ್ದು; ಕೊಟ್ಟಾರ ಎಂಬ ಹೆಸರಿನ ಕಣಜಕ್ಕೆ ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ. ಆದರೂ ನಾಗರಹಾವಿನ ಜೊತೆ ಕೂಡುತ್ತದೆ, ಅದಕ್ಕೂ ವಿಷ ಏರುತ್ತದೆ ಎಂದು ನಂಬಿ ಕೋಲು ಹಿಡಿಯುವವರು ಇಂದಿಗೂ ಇದ್ದಾರೆ. ಆ ಮೇ ತಿಂಗಳ ನೀರಿಗೆ ಬಿಲ ತುಂಬಿ ಒಂದು ಕೇರೆ ನಮ್ಮ ಮೆಟ್ಟಿಲು ಹತ್ತಿತ್ತು. ಬೀದಿಯಿಂದ ಇಬ್ಬರು ದೊಣ್ಣೆ ತಂದರು. ಅಕ್ಕ ಅಡ್ಡ ನಿಂತು, "ಅದಕ್ಕೂ ನೀರಿನ ಉಪದ್ರವೇ ಮಾರಾಯ್ರೆ, ಹೋಗಲಿ ಬಿಡಿ" ಎಂದರು. ಅದು ದಾಸವಾಳದ ಬುಡದಿಂದ ಗೋಡೆ ಹಾರಿ ಹೋಯಿತು.

ನೀರು ಇಳಿದದ್ದು ಮರುದಿನ ಬೆಳಿಗ್ಗೆ. ಅಕ್ಕನ ಮನೆಯ ಅಡುಗೆಮನೆಯಲ್ಲಿ ಕೆಸರು, ಗ್ಯಾಸ್ ಒಲೆ ಒದ್ದೆ. ನಮ್ಮಲ್ಲಿ ಗಂಜಿ ಬೇಯಿಸಿಕೊಂಡು, ಮಧ್ಯಾಹ್ನ ತೊಳೆದ ಪಾತ್ರೆ ಹಿಂದೆ ಕೊಡಲು ಬಂದವರು ಹೊಸ್ತಿಲಲ್ಲೇ ನಿಂತರು.

"ನಿಮಗೆ ಸುಮ್ಮನೆ ಉಪದ್ರ ಕೊಟ್ಟೆ."

"ಎಂಥ ಉಪದ್ರ ಅಕ್ಕ, ಒಳಗೆ ಬನ್ನಿ."