ಕೆರೆಯ ಬೆಲೆ: ಬಿತ್ತುವಟ್ಟದ ಅರ್ಥವಿಚಾರ

ನಿಸರ್ಗದ ಉಪಕಾರಗಳಿಗೆ ಹಣದ ಬೆಲೆ ಕಟ್ಟುವ ಪದ್ಧತಿಯನ್ನು ಸಾಮಾನ್ಯವಾಗಿ ಆಧುನಿಕ ಅರ್ಥಶಾಸ್ತ್ರದ ಕೊಡುಗೆಯೆಂದು ಭಾವಿಸಲಾಗುತ್ತದೆ. 1997ರಲ್ಲಿ ರಾಬರ್ಟ್ ಕೊಸ್ಟಾಂಜ ಮತ್ತು ಅವರ ಸಂಗಡಿಗರು ಇಡೀ ಭೂಮಂಡಲದ ಇಂಥ ಉಪಕಾರಗಳನ್ನು ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರುಗಳೆಂದು ಅಂದಾಜಿಸಿದರು. ಆದರೆ ಇದರ ಹಿಂದಿರುವ ಪ್ರಶ್ನೆ ಹಳೆಯದು. ನಮ್ಮ ಮಧ್ಯಕಾಲೀನ ಶಾಸನಗಳು ಕೆರೆಯನ್ನು ಕುರಿತು ಆ ಪ್ರಶ್ನೆಗೆ ನೀಡಿದ ಉತ್ತರವನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಬಿತ್ತುವಟ್ಟ’ವು ಕೆರೆಯ ನಿರ್ಮಾಣ, ಸಂರಕ್ಷಣೆಗಳಿಗಾಗಿ ಬಿಟ್ಟ ಭೂಮಿಯನ್ನು ಅಥವಾ ಅದರ ನೀರುಣ್ಣುವ ಗದ್ದೆಗಳ ಉತ್ಪನ್ನದ ಒಂದು ಪಾಲನ್ನು ಸೂಚಿಸುತ್ತದೆ. ಕೆರೆ ಕಟ್ಟಿಸಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಸಲ್ಲುತ್ತಿದ್ದ ಮಾನ್ಯ ‘ಕಟ್ಟುಕೊಡಗೆ’. ತೆಲುಗು ನಾಡಿನ ‘ದಶಬಂಧ’, ತಮಿಳು ಶಾಸನಗಳ ‘ಏರಿಪಟ್ಟಿ’ ಇದೇ ಬಳಗದವು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆಯೇ. ಕನ್ನಡದಲ್ಲಿ ಅದರ ಕಟ್ಟೆ. ಹೂಳು ತುಂಬುವುದು, ಏರಿ ಬಿರಿಯುವುದು, ತೂಬು ಸಡಿಲುವುದು ಕೆರೆಯ ಸಹಜಧರ್ಮ. ಆದುದರಿಂದ ಕೆರೆ ಕೊಟ್ಟುದರಲ್ಲಿ ಒಂದು ಪಾಲು ಕೆರೆಗೇ ಮರಳಬೇಕೆಂಬುದು ಈ ವ್ಯವಸ್ಥೆಯ ತಿರುಳು.

ಈ ಲೆಕ್ಕಾಚಾರದ ಪ್ರೌಢಿಮೆಗೆ ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನ ನಿದರ್ಶನ. ಒಂದನೆಯ ಬುಕ್ಕನ ಮಗ ಭಾಸ್ಕರನು ಕಟ್ಟಿಸಿದ ಆ ಕೆರೆಗೆ ಎರಡು ವರ್ಷಗಳ ಕಾಲ ದಿನವೂ 1000 ಆಳುಗಳು ದುಡಿದರು. ಕಲ್ಲು ಸಾಗಿಸಲು 100 ಬಂಡಿಗಳಿದ್ದವು. ಶಾಸನವು ಕೆರೆಗೆ ಬೇಕಾದ 12 ಅಂಗಗಳನ್ನೂ ತಗಲಬಹುದಾದ 6 ದೋಷಗಳನ್ನೂ ಎಣಿಸುತ್ತದೆ. ನೀರು ಅಲ್ಪವಾಗಿ ನೆಲ ವಿಸ್ತಾರವಾಗಿರುವುದು ಒಂದು ದೋಷ. ನೆಲ ಅಲ್ಪವಾಗಿ ನೀರು ಅಧಿಕವಾಗಿರುವುದು ಮತ್ತೊಂದು. ವೆಚ್ಚಕ್ಕೂ ಪ್ರಯೋಜನಕ್ಕೂ ಇರಬೇಕಾದ ಪ್ರಮಾಣದ ಅರಿವು ಇಲ್ಲಿ ಸ್ಪಷ್ಟ.

ಇಂದಿನ ಪದ್ಧತಿ ಭಿನ್ನ. ಅರಣ್ಯಭೂಮಿಯನ್ನು ಅನ್ಯಕಾರ್ಯಕ್ಕೆ ಬಳಸುವವರು ತೆರಬೇಕಾದ ಮೌಲ್ಯವನ್ನು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಹೆಕ್ಟೇರಿಗೆ 5.80 ಲಕ್ಷದಿಂದ 9.20 ಲಕ್ಷ ರೂಪಾಯಿಗಳೆಂದು ಗೊತ್ತುಪಡಿಸಿತು. 2008ರಲ್ಲಿ ಅದು 4.38 ಲಕ್ಷದಿಂದ 10.43 ಲಕ್ಷವಾಯಿತು. ಇದು ಕಳೆದುಕೊಳ್ಳುವುದಕ್ಕೆ ತೆರುವ ಬೆಲೆ; ಬಿತ್ತುವಟ್ಟವು ಉಳಿಸಿಕೊಳ್ಳುವುದಕ್ಕೆ ತೆತ್ತ ಬೆಲೆ.

ಹಾಗೆಂದು ಹಳೆಯದೆಲ್ಲ ನ್ಯಾಯಸಮ್ಮತವೆಂದು ನಾವು ವಾದಿಸುತ್ತಿಲ್ಲ. ಪೋರುಮಾಮಿಳ್ಳದ ಶಾಸನ ಕಟ್ಟಿಸಿದವನ ಕೀರ್ತಿಯನ್ನು ಹೇಳುತ್ತದೆ. ಮಣ್ಣು ಹೊತ್ತವರು ಅಲ್ಲಿ ಬರಿಯ ಸಂಖ್ಯೆ. ಉಪಕಾರದ ಫಲ ಯಾರಿಗೆ, ಪಾಲನೆಯ ಭಾರ ಯಾರಿಗೆ ಎಂಬ ಪ್ರಶ್ನೆ ಇಂದಿನ ಲೆಕ್ಕಗಳಿಗೂ ಅನ್ವಯಿಸುತ್ತದೆ. ಕನ್ನಡ, ತೆಲುಗು, ತಮಿಳು ಕೆರೆಶಾಸನಗಳನ್ನು ಈ ದೃಷ್ಟಿಯಿಂದ ಒಟ್ಟಿಗೆ ಓದುವ ಕಾರ್ಯಕ್ಕೆ ಹೊರನಾಡಿನ ನಮ್ಮ ಸಂಶೋಧಕರು ಹೆಚ್ಚು ಅನುಕೂಲವಾದ ನೆಲೆಯಲ್ಲಿದ್ದಾರೆ.