ರೈಲು ತೋರಿಸಿದ ಕಡಲು

ಬೇಸಿಗೆಯ ಭಾನುವಾರ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಂತೆ ಕಡಲಿಗೆ ಹೋಗಿಬರಬೇಕೆಂದರೆ, ಟೋಕಿಯೊದವರ ಬಾಯಿಗೆ ಮೊದಲು ಬರುವ ಹೆಸರುಗಳು ಎನೊಶಿಮಾ, ಕಾಮಾಕುರಾ, ಝುಶಿ. ನಾಲ್ಕೂ ಕಡೆ ನೀರಿರುವ ದೇಶದಲ್ಲಿ ಆಯ್ಕೆ ಇಷ್ಟು ಕಿರಿದೇಕೆ? ಚೆಲುವಿನ ಕಾರಣಕ್ಕೆ ಎನ್ನುವಂತಿಲ್ಲ. ಈ ತೀರಗಳಿರುವ ಸಾಗಾಮಿ ಕೊಲ್ಲಿಯ ಮರಳು ಹೆಚ್ಚಾಗಿ ಬೂದುಗಪ್ಪು, ಓಕಿನಾವಾದ ಬಿಳಿ ಮರಳಿನ ಮುಂದೆ ಮಂಕು. ಜಪಾನಿನ ನಗರವಾಸಿ ತಾನೇ ಆರಿಸಿಕೊಂಡೆ ಎಂದುಕೊಳ್ಳುವ ತೀರವನ್ನು ರೈಲುದಾರಿಗಳು ನೂರು ವರ್ಷಗಳ ಹಿಂದೆಯೇ ಅವನಿಗಾಗಿ ಆರಿಸಿಟ್ಟಿದ್ದವು ಎಂಬುದು ನನ್ನ ವಾದ.

ಇದಕ್ಕೆ ಮೊದಲ ತಕರಾರು ವೈದ್ಯರ ಕಡೆಯದು. ಜಪಾನೀಯರನ್ನು ಕಡಲಿಗಿಳಿಸಿದ್ದು ರೈಲಲ್ಲ, ವೈದ್ಯಶಾಸ್ತ್ರ ಎಂದು ಅವರು ಹೇಳಬಹುದು. ಮಾತಿನಲ್ಲಿ ಹುರುಳಿದೆ. ಉಪ್ಪುನೀರಿನಲ್ಲಿ ಮಿಂದು ರೋಗ ಕಳೆಯುವ ರೂಢಿ ಚಿತಾ ಪರ್ಯಾಯದ್ವೀಪದ ಓನೊದಂಥ ಊರುಗಳಲ್ಲಿ ಬಹಳ ಹಿಂದಿನಿಂದಲೂ ಇತ್ತು. ಮೇಜಿ ಕಾಲದಲ್ಲಿ ಅದಕ್ಕೆ ಯುರೋಪಿನ ವೈದ್ಯದ ಮುದ್ರೆ ಬಿತ್ತು. ವೈದ್ಯ ಗೋತೊ ಶಿಂಪೆ 1882ರಲ್ಲಿ ಸಮುದ್ರಸ್ನಾನದ ಪ್ರಯೋಜನಗಳ ಬಗ್ಗೆ ಪುಸ್ತಕವನ್ನೇ ಬರೆದ. ಸೇನೆಯ ವೈದ್ಯಕೀಯ ವಿಭಾಗದ ಮುಖ್ಯಸ್ಥನಾಗಿದ್ದ ಮಾತ್ಸುಮೊತೊ ಜುನ್ 1885ರಲ್ಲಿ ಓಯಿಸೊದಲ್ಲಿ ಸ್ನಾನತೀರ ತೆರೆದ. ಅಲ್ಲಿ ಈಜು ಮುಖ್ಯವಲ್ಲ; ಅಲೆಗಳ ಹೊಡೆತಕ್ಕೆ ಮೈಯೊಡ್ಡಿ ನಿಲ್ಲುವುದೇ ಚಿಕಿತ್ಸೆ. ಆದರೆ ಕಾಲಕ್ರಮವನ್ನು ಗಮನಿಸಿ. ಟೋಕೈಡೊ ರೈಲುಮಾರ್ಗ 1887ರಲ್ಲಿ ಓಯಿಸೊ ತಲುಪಿದ ಮೇಲೆಯೇ ಊರು ನಿಜಕ್ಕೂ ಬೆಳೆದದ್ದು. ಇತೊ ಹಿರೊಬುಮಿಯಂಥ ಪ್ರಧಾನಿಗಳು ಅಲ್ಲಿ ಮನೆ ಕಟ್ಟಿಸಿದ್ದೂ ರೈಲು ಬಂದ ನಂತರವೇ. ಕಾಮಾಕುರಾದಲ್ಲಿ ಅದೇ 1887ರಲ್ಲಿ ಕಡಲ ಗಾಳಿಯ ಚಿಕಿತ್ಸೆಗೆಂದು ತೆರೆದ ಆರೋಗ್ಯಧಾಮವಂತೂ ಬಲುಬೇಗ ಹೋಟೆಲಾಗಿಬಿಟ್ಟಿತು. ವೈದ್ಯರು ಕೊಟ್ಟದ್ದು ನೆಪ, ದಾರಿ ಕೊಟ್ಟದ್ದು ರೈಲು.

ಆ ದಾರಿಯನ್ನು ಹಾಕಿದವರಿಗೆ ಸ್ನಾನದ ಯೋಚನೆಯೇ ಇರಲಿಲ್ಲ ಎನ್ನುವುದು ಇನ್ನೂ ಸ್ವಾರಸ್ಯಕರ. ಕಾಮಾಕುರಾ, ಝುಶಿಗಳ ಮೂಲಕ ಹೋಗುವ ಯೊಕೊಸುಕಾ ಮಾರ್ಗ 1889ರಲ್ಲಿ ತೆರೆದದ್ದು ನೌಕಾನೆಲೆಗೆ ಸೈನಿಕರನ್ನೂ ಸರಕನ್ನೂ ಸಾಗಿಸಲು. ಯುದ್ಧಕ್ಕೆಂದು ಹಾಕಿದ ಹಳಿಯ ಮೇಲೆ ಬೇಸಿಗೆಯ ವಿಹಾರಿಗಳು ಬಂದಿಳಿದರು. 1914ರಲ್ಲಿ ಬಂದ ನಾತ್ಸುಮೆ ಸೋಸೆಕಿಯ ‘ಕೊಕೊರೊ’ ಕಾದಂಬರಿಯ ವಿದ್ಯಾರ್ಥಿ ತನ್ನ ಗುರುವನ್ನು ಮೊದಲು ಕಾಣುವುದು ಸ್ನಾನಕ್ಕೆ ಬಂದವರಿಂದ ಗಿಜಿಗುಟ್ಟುವ ಕಾಮಾಕುರಾದ ತೀರದಲ್ಲೇ. ಅಷ್ಟರಲ್ಲಿ ಅದು ಓದುಗರಿಗೆ ವಿವರಿಸಬೇಕಿಲ್ಲದ ನೋಟವಾಗಿತ್ತು. ಖಾಸಗಿ ಕಂಪನಿಗಳ ಲೆಕ್ಕ ಇನ್ನೂ ನೇರ: ವಾರವಿಡೀ ನೌಕರರನ್ನು ಒಯ್ಯುವ ಗಾಡಿಗಳು ರಜೆಯ ದಿನ ಖಾಲಿ ಓಡಬಾರದು, ಹಾಗಾಗಿ ಮಾರ್ಗದ ಕೊನೆಯಲ್ಲಿ ಜನ ಹೋಗಬಯಸುವಂಥ ಏನಾದರೂ ಇರಬೇಕು. ಓಸಾಕಾದ ದಕ್ಷಿಣಕ್ಕಿರುವ ಹಾಮಾದೆರಾದಲ್ಲಿ 1906ರಲ್ಲಿ ಓಸಾಕಾ ಮೈನಿಚಿ ಪತ್ರಿಕೆ ಸ್ನಾನತೀರ ತೆರೆದು ಈಜುಶಾಲೆಯನ್ನೂ ಆರಂಭಿಸಿತು. ಜನರನ್ನು ಕರೆತಂದದ್ದು ನಾಂಕಾಯಿ ರೈಲು. ಮರುವರ್ಷ ಅಲ್ಲಿನ ನಿಲ್ದಾಣಕ್ಕೆ ಹೊಸ ಕಟ್ಟಡವಾಯಿತು. ಅದರ ವಾಸ್ತುಶಿಲ್ಪಿ ತಾತ್ಸುನೊ ಕಿಂಗೊ, ಮುಂದೆ ಟೋಕಿಯೊ ನಿಲ್ದಾಣವನ್ನು ವಿನ್ಯಾಸ ಮಾಡಿದವನು. ಮೀಯಲು ಹೋಗುವವರ ನಿಲ್ದಾಣಕ್ಕೆ ಅಂಥ ಶಿಲ್ಪಿ ಬೇಕಾದನೆಂದರೆ ಅದರ ಹಿಂದಿನ ವ್ಯಾಪಾರ ಸಣ್ಣದಲ್ಲ. 1929ರಲ್ಲಿ ಒದಾಕ್ಯು ಕಂಪನಿ ಎನೊಶಿಮಾಕ್ಕೆ ಮಾರ್ಗ ಹಾಕಿದಾಗ ಕೊನೆಯ ನಿಲ್ದಾಣವನ್ನು ಜಾನಪದ ಕಥೆಯ ಸಮುದ್ರರಾಜನ ಅರಮನೆಯಂತೆಯೇ ಕಟ್ಟಿಸಿತು.

ಇನ್ನೊಂದು ತಕರಾರು ಹೆಚ್ಚು ಗಟ್ಟಿಯಾದದ್ದು. ರೈಲೇ ತೀರವನ್ನು ಉಳಿಸುವುದಾದರೆ ಹಾಮಾದೆರಾ ಏಕೆ ಅಳಿಯಿತು? ಟೋಕಿಯೊ ಕೊಲ್ಲಿಯಲ್ಲೇ, ಊರಿಗೆ ಇನ್ನೂ ಹತ್ತಿರವಿದ್ದ ಇನಾಗೆ ಏಕೆ ಹೋಯಿತು? ಒಪ್ಪಲೇಬೇಕು: ರೈಲಿಗೆ ತೀರವನ್ನು ಆರಿಸುವ ಶಕ್ತಿಯಿತ್ತು, ಕಾಯುವ ಶಕ್ತಿ ಇರಲಿಲ್ಲ. ಯುದ್ಧಾನಂತರದ ಕೈಗಾರಿಕಾ ಅಬ್ಬರದಲ್ಲಿ, ಮುಖ್ಯವಾಗಿ 1960ರ ದಶಕದಲ್ಲಿ, ಎರಡೂ ಕಡೆ ಕಡಲನ್ನೇ ಮಣ್ಣು ತುಂಬಿ ನೆಲ ಮಾಡಲಾಯಿತು. ನಿಲ್ದಾಣ ಉಳಿಯಿತು, ನೀರು ದೂರ ಸರಿಯಿತು. ಇನಾಗೆಯಲ್ಲಿ 1976ರಲ್ಲಿ ಮರಳು ತಂದು ಸುರಿದು ದೇಶದ ಮೊದಲ ಕೃತಕ ಕಡಲತೀರವನ್ನು ಮಾಡಿದರು. ಇದ್ದದ್ದನ್ನು ಹೂತು ಅದರ ನಕಲನ್ನು ಕಟ್ಟಿಕೊಳ್ಳುವ ಈ ಬುದ್ಧಿ ಜಪಾನಿಗಷ್ಟೇ ಸೀಮಿತವಲ್ಲ ಬಿಡಿ. ಆದರೂ ನನ್ನ ವಾದ ಇದರಿಂದ ಬೀಳುವುದಿಲ್ಲ. ಹತ್ತಿರದ ತೀರ ಕಳೆದುಕೊಂಡ ಜನ ಸಿಕ್ಕ ಸಿಕ್ಕ ಕಡಲಿಗೆ ಚದುರಲಿಲ್ಲ. ಹಳಿ ತಲುಪುತ್ತಿದ್ದ, ಮಣ್ಣು ಬೀಳದೆ ಉಳಿದ ಸಾಗಾಮಿ ಕೊಲ್ಲಿಯಲ್ಲಿ ಇನ್ನಷ್ಟು ಒತ್ತಾಗಿ ಸೇರಿದರು.

ಕಾರು ಈ ಕಟ್ಟನ್ನು ಬಿಚ್ಚಿತಲ್ಲ ಎನ್ನುವವರಿಗೆ ಅರ್ಧ ಮಾತ್ರ ಹೌದೆನ್ನಬಹುದು. ಚಿಬಾದ ಕುಜುಕುರಿಯಂಥ ಉದ್ದನೆಯ ತೀರಗಳು ಕಾರುಳ್ಳವರಿಗೆ ಹತ್ತಿರವಾದವು, ನಿಜ. ಆದರೆ ಕಡಲಿಗೆ ಹೋಗುವ ರೂಢಿಯೇ ಇಳಿಮುಖವಾಗಿದೆ: 1985ರ ಸುಮಾರಿಗೆ ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಜನ ಸಮುದ್ರಸ್ನಾನಕ್ಕೆ ಹೋಗುತ್ತಿದ್ದರೆ, ಈಗ ಆ ಸಂಖ್ಯೆ ಒಂದು ಕೋಟಿಯನ್ನೂ ಮುಟ್ಟುವುದಿಲ್ಲ. ಹಾಗಿದ್ದೂ ಎನೊಶಿಮಾ, ಕಾಮಾಕುರಾಗಳ ಮರಳಿನಲ್ಲಿ ಬೇಸಿಗೆಯ ಆರಂಭಕ್ಕೆ ಹಲಗೆಯ ತಾತ್ಕಾಲಿಕ ವಿಶ್ರಾಂತಿಗೃಹಗಳು ಏಳುತ್ತವೆ, ಋತು ಮುಗಿದಾಗ ಕಳಚುತ್ತವೆ. ಆಗಸ್ಟ್ ನಡುವಿನ ಓಬೊನ್ ಹಬ್ಬ ಕಳೆದರೆ ಲೋಳೆಮೀನಿನ ಕಾಟವೆಂದು ಅನೇಕರು ನೀರಿಗಿಳಿಯುವುದಿಲ್ಲ. ಹಾಗಾಗಿ ಅಲ್ಲಿಗೆ ಹೋಗುವ ಕನ್ನಡಿಗರಿಗೆ ಒಂದು ಮಾತು: ಜುಲೈ ಕೊನೆಯ ವಾರದ ದಿನಗಳನ್ನು ಆರಿಸಿಕೊಳ್ಳಿ. ಏಕಾಂತ ಬೇಕಿದ್ದರೆ ನಕ್ಷೆಯಲ್ಲಿ ನಿಲ್ದಾಣವಿಲ್ಲದ ತೀರ ಹುಡುಕಿ, ಆದರೆ ಜೀವರಕ್ಷಕರು ಇದ್ದಾರೆಂದು ತಿಳಿದುಕೊಂಡೇ ನೀರಿಗಿಳಿಯಿರಿ.